ಸ್ಯಾಂಪಲ್ ಹಾಲು

ನ್ಯುಮೋನಿಯಾ ಬಂದು ಹದಿಮೂರು ದಿನ ವೆಂಟಿಲೇಟರಿನಲ್ಲಿದ್ದು ಎದ್ದು ಬಂದವನು ನಾನು. ಸಾಯುವ ಭಯ ಆಮೇಲೆ ಹೋಯಿತು. ಗಂಟಲೊಳಗೆ ಇಳಿಸಿದ್ದ ಆ ಕೊಳವೆಯ ಭಯ ಮಾತ್ರ ಹೋಗಲಿಲ್ಲ. ಎಂಜಲು ನುಂಗುವಾಗಲೂ ಅದು ಅಲ್ಲೇ ಇದೆ ಅನ್ನಿಸುತ್ತಿತ್ತು.

ಆರು ತಿಂಗಳಿಗೆ ತಪಾಸಣೆಗೆ ಕರೆದರು. ಬೆರಳಿಗೆ ಕ್ಲಿಪ್ ಹಾಕಿ ಆರು ನಿಮಿಷ ನಡೆಸಿ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ನೋಡುತ್ತಾರೆ. ಅಂಕಿ ಇಳಿದರೆ ಮತ್ತೆ ಮಲಗಿಸಿ ಕೊಳವೆ ತುರುಕುತ್ತಾರೆಂದು ನಾನೇ ತೀರ್ಮಾನಿಸಿಕೊಂಡೆ. ಯಾರನ್ನಾದರೂ ಕೇಳುವುದಕ್ಕೂ ಭಯ.

ದೊಡ್ಡಬೆಳವಂಗಲದ ಹತ್ತಿರ ನಮ್ಮ ಮನೆ, ಎರಡು ಹಸು. ಕೊನೆಯಲ್ಲಿ ಕರೆದ ಗಟ್ಟಿ ಹಾಲನ್ನು ಕ್ಯಾನಿನಲ್ಲಿ ಮೇಲೆ ಸುರಿದು, ಕಲಕದೆ ಡೈರಿಗೆ ಒಯ್ಯುವುದು ನಮ್ಮ ಕಡೆಯ ಹಳೆಯ ಚಾಲಾಕಿ. ಜಿಡ್ಡು ನೋಡಿ ದರ ಕಟ್ಟುವ ಸ್ಯಾಂಪಲ್ ಮೇಲಿಂದಲೇ ತೆಗೆಯುತ್ತಾರಲ್ಲ. ನಾನೂ ಒಯ್ದಿದ್ದೇನೆ, ಸುಳ್ಳೇಕೆ. ಆಸ್ಪತ್ರೆಗೂ ಹಾಗೆಯೇ ಹೋದೆ. ವಾರವಿಡೀ ಒಂದು ಕಡ್ಡಿ ಎತ್ತಿಡಲಿಲ್ಲ. ಅಲ್ಲಿ ಅಳೆದಳೆದು ಹೆಜ್ಜೆಯಿಟ್ಟೆ, ಪಂಚೆ ಸರಿಮಾಡುವ ನೆಪದಲ್ಲಿ ನಿಂತು ನಿಂತು ಉಸಿರೆಳೆದುಕೊಂಡೆ. ತೊಂಬತ್ಮೂರು ಬಂತು, ಪಾಸಾದೆ.

"ಕೆಲಸ ಮಾಡಿದ್ರೆ ಏದುಸಿರು ಬರತ್ತಾ?" ಎಂದರು ಡಾಕ್ಟರಮ್ಮ.

"ಇಲ್ಲಮ್ಮ, ಆರಾಮಾಗಿದೀನಿ."

ಮಾರನೆಯ ಬೆಳಿಗ್ಗೆ ಹೆಂಡತಿ ಖುಷಿಯಿಂದ ಹಾಲಿನ ಕ್ಯಾನು ನನ್ನ ಕೈಗಿಟ್ಟಳು. ಅಷ್ಟು ದಿನ ಅವಳೇ ಹೊತ್ತಿದ್ದಳು. ಬೇಡ ಅನ್ನಲು ಬಾಯಿ ಬರಲಿಲ್ಲ. ಅರಳೀಕಟ್ಟೆ ದಾಟುವಷ್ಟರಲ್ಲಿ ಎದೆ ಕಟ್ಟಿತು. ಬಾಯಿ ಎಷ್ಟು ಅಗಲಿಸಿದರೂ ಗಾಳಿ ಒಳಗೆ ಹೋಗದು. ಕುಸಿದು ಕೂತೆ. ಕೂಗೋಣವೆಂದರೆ ದನಿಯಿಲ್ಲ, ಕೊಳವೆ ಇದ್ದಾಗಲೂ ಹೀಗೆಯೇ ದನಿಯಿರಲಿಲ್ಲ. ಹೆದರಿಕೆಗೆ ಪಂಚೆ ಒದ್ದೆಯಾಯಿತು. ನಾಚಿಕೆ ಆಮೇಲೆ ಬಂತು.

ಯಾರೋ ಹೇಳಿದ್ದಕ್ಕೆ ಹೆಂಡತಿ ಮನೆಯಲ್ಲಿದ್ದ ಅಂಥದೇ ಕ್ಲಿಪ್ ಹಿಡಿದು ಓಡಿ ಬಂದಳು. ಬೆರಳಿಗೆ ಹಾಕಿದರೆ ಎಂಬತ್ನಾಲ್ಕು. ಅಂಕಿ ನೋಡಿದಳು, ಕ್ಯಾನು ನೋಡಿದಳು.

"ಡಾಕ್ಟ್ರಮ್ಮಂಗೂ ಸ್ಯಾಂಪಲ್ ಹಾಲೇ ಕೊಟ್ಟು ಬಂದ್ರಾ?"

ಹೌದೆಂದು ತಲೆಯಾಡಿಸಿದೆ.

"ಏಳಿ, ಈಗ್ಲೇ ಹೋಗಾಣ."

"ಕೊಳವೆ ಹಾಕ್ತಾರೆ ಕಣೆ."

"ಹಾಕಿದ್ರೆ ಪಕ್ಕದಲ್ಲೇ ಇರ್ತೀನಿ. ಇಲ್ಲೇ ಕೂತ್ರೆ ಹಿಂಗೇ ಹೋಗ್ಬಿಡ್ತೀರ."

ಆಸ್ಪತ್ರೆಯಲ್ಲಿ ಎಲ್ಲವನ್ನೂ ಅವಳೇ ಹೇಳಿದಳು. ಈ ಸಲ ನೆಪ ಹುಡುಕದೆ ನಡೆದೆ. ಮೂರನೆಯ ನಿಮಿಷಕ್ಕೆ ಡಾಕ್ಟರಮ್ಮ ಕೈ ಅಡ್ಡ ಹಿಡಿದು ಕೂರಿಸಿದರು. ಬಯ್ಯಲಿಲ್ಲ. ನರ್ಸಿಗೆ ಏನೋ ತರಲು ಹೇಳಿದರು. ನರ್ಸ್ ಬಂದಾಗ ಅವರ ಕೈಯಲ್ಲಿ ಕೊಳವೆಯಿತ್ತು. ಹೆಂಡತಿಯ ಸೆರಗು ಹಿಡಿದು ಕಣ್ಣು ಮುಚ್ಚಿಕೊಂಡೆ.

ಅದು ಮೂಗಿನ ತುದಿಯಲ್ಲೇ ನಿಂತಿತು. ತಣ್ಣನೆಯ ಗಾಳಿ ಬಂತು.

"ಇಷ್ಟೇನಾ?" ಎಂದೆ.

"ಇಷ್ಟೇ. ಮನೇಲೂ ಆಕ್ಸಿಜನ್ ಇಟ್ಕೊಂಡು ಇದನ್ನೇ ಹಾಕ್ಕೊಳ್ಳಿ," ಎಂದರು ಡಾಕ್ಟರಮ್ಮ.

ಆದರೂ ಊರು ಮುಟ್ಟುವವರೆಗೆ ನಾನು ಸೆರಗು ಬಿಡಲಿಲ್ಲ.