ಬೇಗ ಮುಗಿಸಿದ ತಪ್ಪು

ಕಂಪ್ಯೂಟರಿನಲ್ಲಿ ಬರೆಯುವಾಗ ಸಮಯ ಉಳಿಸುವುದು ಹೇಗೆಂದು ನಮ್ಮ ಕುವೆಂಪುನಗರದಲ್ಲಿ ಈಗ ಹಲವರು ನನ್ನನ್ನು ಕೇಳುತ್ತಾರೆ. ಕೇಳಿದವರಿಗೆಲ್ಲ ಧಾರಾಳವಾಗಿ ಹೇಳಿಕೊಡುತ್ತೇನೆ. ಆದರೆ ಆ ಉಪಾಯಗಳಲ್ಲಿ ಒಂದೂ ನನ್ನ ಸ್ವಂತದ್ದಲ್ಲ, ಎಲ್ಲವೂ ನನ್ನ ತಂಗಿ ಗಿರಿಜೆಯವು ಎಂಬುದನ್ನು ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಅವಳಿಗೇ ಹೇಳಬೇಕಾಗಿದ್ದ ಇನ್ನೊಂದು ಮಾತನ್ನಂತೂ ಗಂಟಲಿನಿಂದ ಆಚೆಗೆ ಬಿಡಲೇ ಇಲ್ಲ. ಅವಳು ದೂರದ ಊರಿನಲ್ಲಿದ್ದಿದ್ದರೆ ಒಂದು ಕಾಗದವನ್ನಾದರೂ ಹಾಕಬಹುದಿತ್ತು. ದಿನಾ ಬೆಳಿಗ್ಗೆ ಎದುರಿಗೇ ಕೂತು ಉಪ್ಪಿಟ್ಟು ತಿನ್ನುವವಳ ಹತ್ತಿರ ಅಂಥ ಮಾತನ್ನು ಎಲ್ಲಿಂದ ಶುರು ಮಾಡುವುದು?

ಮೊದಲು ಒಂದು ಸಣ್ಣ ವಿಷಯ. ಟೈಪು ಮಾಡುವಾಗ ನೀವು ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತುತ್ತೀರಾ? ಹಾಗಿದ್ದರೆ ನೀವು ನನ್ನ ಕುಲದವರು. ಟೈಪ್‌ರೈಟರಿನಲ್ಲಿ ಕೈ ಪಳಗಿದವರಿಗೆ ಸಾಲು ಮುಗಿಯುವ ಹೊತ್ತಿಗೆ ಕಿವಿಯೊಳಗೆ ಒಂದು ಗಂಟೆ ಟಿಣ್ ಎನ್ನುತ್ತದೆ, ಕೈ ತಾನಾಗಿಯೇ ಎದ್ದು ಹೊಸ ಸಾಲಿಗೆ ಹೊರಡುತ್ತದೆ. ಕಂಪ್ಯೂಟರಿಗೆ ಆ ಉಪಕಾರ ಬೇಕಿಲ್ಲ. ಸಾಲು ತುಂಬಿದರೆ ಅದೇ ಕೆಳಗಿಳಿಯುತ್ತದೆ. ಅದು ಬೇಡವೆಂದರೂ ನಾವು ಸಹಾಯ ಮಾಡಿ, ನಾಳೆ ಅಕ್ಷರದ ಗಾತ್ರ ಬದಲಿಸಿದಾಗ ಸಾಲುಗಳೆಲ್ಲ ಮುರಿದ ಬಳೆಚೂರುಗಳ ಹಾಗೆ ಚೆಲ್ಲಾಪಿಲ್ಲಿಯಾದರೆ ಯಂತ್ರವನ್ನು ಬೈಯುತ್ತೇವೆ.

ಕೈಚಳಕದ ವಿಷಯದಲ್ಲಿ ನನಗೆ ಜಂಬ ಬಹಳ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲೇ ನಪಾಸಾದವಳು ನಾನು. ಅದೇ ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ವಿದ್ವಾಂಸರು ಬರೆದ ಪ್ರಬಂಧಗಳನ್ನು ಒಂದಕ್ಷರ ಅರ್ಥವಾಗದೆ, ಒಂದಕ್ಷರ ತಪ್ಪದೆ ಕುಟ್ಟಿಕೊಟ್ಟೆ. ಅರ್ಥವಾಗಿದ್ದರೆ ಬಹುಶಃ ಅಷ್ಟು ಬೇಗ ಮುಗಿಯುತ್ತಿರಲಿಲ್ಲ. ತೊಂಬತ್ತರ ದಶಕದ ನಡುವೆ ನಮ್ಮ ಜಾಬ್ ಟೈಪಿಂಗ್ ಅಂಗಡಿಗೆ ಕಂಪ್ಯೂಟರ್ ಬಂದಾಗ, ಪಿಯುಸಿ ಮುಗಿಸಿ ಕಂಪ್ಯೂಟರ್ ತರಗತಿಗೂ ಹೋಗಿ ಬಂದಿದ್ದ ಗಿರಿಜೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಟೈಪಿಂಗನ್ನು ಅವಳಿಗೆ ಕಲಿಸಿದವಳು ನಾನೇ. ಉಳಿದದ್ದನ್ನೆಲ್ಲ ಅವಳು ತಾನಾಗಿಯೇ ಕೆದಕಿ ಕೆದಕಿ ಕಲಿತಳು. ವಿಶ್ವವಿದ್ಯಾಲಯದ ಉದ್ದನೆಯ ಹೆಸರಿಗೆ ಮೂರಕ್ಷರದ ಗುರುತು ಕೊಟ್ಟು, ಅಷ್ಟನ್ನು ಒತ್ತಿದರೆ ಇಡೀ ಹೆಸರು ತಾನೇ ಮೂಡುವಂತೆ ಮಾಡಿದಳು. ಅಧ್ಯಾಯಗಳ ತಲೆಬರಹಗಳಿಗೆಲ್ಲ ಒಂದೇ ನಮೂನೆ ಹಾಕಿ, ಅವುಗಳಿಂದಲೇ ಪರಿವಿಡಿಯನ್ನು ಪುಟಸಂಖ್ಯೆ ಸಮೇತ ಎಬ್ಬಿಸಿದಳು. ನಾನು ಅರ್ಧ ದಿನ ಬೆನ್ನು ಬಗ್ಗಿಸಿ ಮಾಡುತ್ತಿದ್ದುದನ್ನು ಅವಳು ಕಾಫಿ ಆರುವುದರೊಳಗೆ ಮುಗಿಸುತ್ತಿದ್ದಳು.

ತೊಂದರೆ ಶುರುವಾದದ್ದು ಅಲ್ಲೇ. ನಮ್ಮ ಅಂಗಡಿಯ ಪದ್ಧತಿ ನಿಮಗೆ ಗೊತ್ತಿರಬೇಕು: ಟೈಪು ಮಾಡುವವರ ಪಕ್ಕದ ಸ್ಟೂಲಿನ ಮೇಲೆ ಗಿರಾಕಿ ಬಂದು ಕೂರುತ್ತಾರೆ, ಪರದೆಯ ಮೇಲೆ ಕಣ್ಣು ನೆಟ್ಟಿರುತ್ತಾರೆ. ಅವರಿಗೆ ಕೆಲಸ ಆದರೆ ಸಾಲದು, ಆಗುವುದು ಕಾಣಬೇಕು. ನಮ್ಮ ಮನೆಗೆ ಹೊಸದಾಗಿ ಮಿಕ್ಸಿ ಬಂದಾಗಲೂ ಹೀಗೇ ಆಗಿತ್ತು. ಅಷ್ಟು ಬೇಗ ರುಬ್ಬಿದ ಚಟ್ನಿಗೆ ರುಚಿ ಎಲ್ಲಿಂದ ಬರಬೇಕು ಎಂದು ಅಮ್ಮ ಒಂದು ವಾರ ಅದನ್ನು ಮುಟ್ಟಿರಲಿಲ್ಲ. ಒರಳಿನ ಮುಂದೆ ಬೆವರಿದರೇ ರುಚಿ ಎಂಬ ನಂಬಿಕೆ ನನ್ನ ರಕ್ತದಲ್ಲೂ ಇತ್ತು. ನಾನು ಗಿರಿಜೆಯ ಕಿವಿಯಲ್ಲಿ ಹೇಳಿದೆ:

“ಸ್ವಲ್ಪ ನಿಧಾನ ಮಾಡೇ. ಕೂತಿರೋರಿಗೆ ಕುಟ್ಟೋ ಸದ್ದಾದ್ರೂ ಕೇಳಿಸ್ಲಿ.”

“ಕೆಲಸ ಮುಗಿದೋಗಿದೆಯಲ್ಲಕ್ಕ, ಏನನ್ನ ಕುಟ್ಲಿ?”

“ಏನಾದ್ರೂ ಕುಟ್ಟು. ಕುಟ್ಟಿ ಅಳಿಸು.”

ಅವಳು ನಕ್ಕಳು. ನಗುತ್ತಲೇ ಕೆಲವು ದಿನ ಕುಟ್ಟಿ ಅಳಿಸಿದಳು ಕೂಡ. ಸಮಯ ಉಳಿಸುವ ವಿದ್ಯೆ ಕಲಿತವಳಿಂದ ಸಮಯ ಹಾಳು ಮಾಡಿಸುವ ಅಂಗಡಿ ಮೈಸೂರಿನಲ್ಲಿ ನಮ್ಮದೊಂದೇ ಇದ್ದಿರಬೇಕು.

ಆಗ ಕಾಲೇಜಿನ ಮೇಷ್ಟ್ರೊಬ್ಬರು ಊದುಬತ್ತಿ ಹೊಸೆಯುವ ಹೆಂಗಸರ ಬಗ್ಗೆ ಪಿಎಚ್‌ಡಿ ಪ್ರಬಂಧ ಬರೆದು ನಮ್ಮಲ್ಲೇ ಟೈಪು ಮಾಡಿಸಿದ್ದರು. ಒಂದು ಬೆಳಿಗ್ಗೆ ಮುಖ ಸಪ್ಪಗೆ ಮಾಡಿಕೊಂಡು ಬಂದರು. ಪ್ರಬಂಧವನ್ನು ಒಪ್ಪಿಸುವ ದಿನ ಹತ್ತಿರವಾಗಿತ್ತು. ಅವರ ಗೈಡು ಕೊನೆಗಳಿಗೆಯಲ್ಲಿ, ‘ವರ್ಕರ್’ ಎಂಬ ಪದವಿರುವಲ್ಲೆಲ್ಲ ‘ಲೇಬರರ್’ ಎಂದಾಗಬೇಕು ಎಂದಿದ್ದರಂತೆ. ನಾನು ಝೆರಾಕ್ಸ್ ಯಂತ್ರಕ್ಕೆ ಕಾಗದ ತುಂಬುತ್ತಿದ್ದೆ. ಗಿರಿಜೆ ಒಂದು ಸಣ್ಣ ಚೌಕವನ್ನು ತೆರೆದು, ಹಳೆಯ ಪದ ಒಂದು ಕಡೆ, ಹೊಸ ಪದ ಇನ್ನೊಂದು ಕಡೆ ಟೈಪಿಸಿ, ಒಂದು ಗುಂಡಿ ಒತ್ತಿದಳು.

“ಆಯ್ತು ಸಾರ್.”

“ಏನಾಯ್ತು?”

“ಎಲ್ಲಾ ಕಡೆ ಬದಲಾಯ್ತು.”

ಮೇಷ್ಟ್ರ ಮುಖ ಅರಳಬೇಕಿತ್ತು, ಅರಳಲಿಲ್ಲ. “ಏನಮ್ಮಾ, ವರ್ಷಗಟ್ಟಲೆ ಒದ್ದಾಡಿ ಬರೆದಿದ್ದೀನಿ ನಾನು. ಕಣ್ಣು ಮುಚ್ಚಿ ಬಿಡೋದ್ರೊಳಗೆ ಬದಲಾಯಿಸ್ಬುಟ್ಟೆ ಅಂದ್ರೆ ಹೆಂಗೆ ನಂಬೋದು?” ಎನ್ನುತ್ತ ನನ್ನ ಕಡೆ ತಿರುಗಿದರು.

ನನ್ನ ತಂಗಿಯ ಪಕ್ಕ ನಿಲ್ಲಬೇಕಾಗಿದ್ದ ಕ್ಷಣ ಅದು. ನಾನು ಗಿರಾಕಿಯ ಪಕ್ಕ ನಿಂತೆ. “ಅವಳಿನ್ನೂ ಕಲೀತಾ ಇರೋಳು ಸಾರ್, ಏನೋ ಒತ್ಬುಟ್ಟಿದಾಳೆ. ಏಳೇ ಮೇಲಕ್ಕೆ. ನಾನು ಕೂತು ಒಂದೊಂದೇ ನೋಡಿ ಮಾಡ್ಕೊಡ್ತೀನಿ,” ಎಂದೆ. ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಗುಂಡಿಯನ್ನು ಹಿಂದಿನ ವಾರವಷ್ಟೇ ಅವಳು ನನಗೆ ತೋರಿಸಿಕೊಟ್ಟಿದ್ದಳು. ಅವಳು ಕಲಿಸಿದ್ದರಲ್ಲಿ ನಾನು ಮೊದಲು ಬಳಸಿದ್ದು ಅದನ್ನೇ, ಅವಳ ಕೆಲಸವನ್ನು ಅಳಿಸುವುದಕ್ಕೆ.

ಆಮೇಲೆ ಎರಡು ದಿನ ನಾನು ಪುಟ ಪುಟ ಹುಡುಕುತ್ತ ಕುಟ್ಟಿದೆ. ಮೇಷ್ಟ್ರು ಸ್ಟೂಲಿನ ಮೇಲೆ ಕೂತು, ಕಡಲೆಕಾಯಿ ಸುಲಿಯುತ್ತ, “ನೋಡಿ, ಇದು ಕೆಲಸ,” ಎಂದು ಮೆಚ್ಚಿಕೊಂಡರು. ಮುದ್ರಿಸಿದ ಪ್ರತಿ ಗೈಡಿನ ಮನೆಯಿಂದ ಕೆಂಪು ಶಾಯಿಯ ಸುತ್ತುಗಳನ್ನು ಹೊತ್ತುಕೊಂಡು ವಾಪಸು ಬಂತು. ಒಂದೇ ಪುಟದಲ್ಲಿ ಕೆಲವು ಹೆಂಗಸರು ವರ್ಕರಾಗಿಯೇ ಉಳಿದಿದ್ದರು, ಅವರ ಪಕ್ಕದಲ್ಲೇ ಕೂತು ಹೊಸೆಯುವವರು ಲೇಬರರ್ ಆಗಿದ್ದರು. ಮೇಷ್ಟ್ರು ಪ್ರತಿಯನ್ನು ಮೇಜಿನ ಮೇಲೆ ಬಡಿದು, “ಯಾರ್ರೀ ಇದನ್ನ ಮಾಡಿದ್ದು?” ಎಂದು ಗುಡುಗಿದರು.

ಎರಡು ದಿನ ಪಕ್ಕದಲ್ಲೇ ಕೂತು ನೋಡಿದವರು ಹಾಗೆ ಕೇಳುತ್ತಾರೆಂದರೆ, ಬೇರೆ ಯಾರಾದರೂ ಮಾಡಿರಲಿ ಎಂಬ ಆಸೆ ಅವರಿಗೂ ಇದ್ದಿರಬೇಕು. ನಾನು ಬಾಯಿ ಬಿಡಲಿಲ್ಲ. ಕಣ್ಣು ಮಾತ್ರ ಗಿರಿಜೆಯ ಕಡೆ ಹೋಯಿತು, ಅಷ್ಟು ಸಾಕಾಯಿತು. “ಮೊದಲ ದಿನ ಈ ಹುಡುಗಿ ಏನೋ ಒತ್ತಿದ್ಲಲ್ಲ, ಅದರದ್ದೇ ಎಡವಟ್ಟು. ಇಂಥೋರನ್ನ ಯಂತ್ರದ ಮುಂದೆ ಕೂರಿಸ್ಬೇಡಿ ಕಣ್ರೀ,” ಎಂದು ಮೇಷ್ಟ್ರು ಬೈದು, ಸಿಟ್ಟು ಇಳಿಸಿಕೊಳ್ಳಲು ಕಾಫಿಗೆ ಹೋದರು. ಗಿರಿಜೆ ಕೂತು, ಅದೇ ಚೌಕ ತೆರೆದು, ಅದೇ ಗುಂಡಿ ಒತ್ತಿದಳು. ಸಂಜೆ ಮೇಷ್ಟ್ರು ತಿರುಗಿ ಬಂದು, ಹೊಸದಾಗಿ ಮುದ್ರಿಸಿದ ಪ್ರತಿಯನ್ನು ಹಾಳೆ ಹಾಳೆ ತಿರುವಿ, “ನೋಡಿದ್ರಾ, ಬೈದ್ರೆ ಕೆಲಸ ಸರಿಯಾಗಿ ಆಗುತ್ತೆ,” ಎಂದರು. ನಾನು ತಲೆಯಾಡಿಸಿದೆ.

ಮುಂದಿನ ವಾರದಿಂದ ಅವಳು ಅಂಗಡಿಗೆ ಬರಲಿಲ್ಲ. ಜಗಳವಿಲ್ಲ, ಅಳುವಿಲ್ಲ. ಮೈಸೂರಿನಂಚಿನ ಹೆಬ್ಬಾಳದ ಒಂದು ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಹಿಡಿದು ಬೆಳಗಿನ ಬಸ್ಸಿಗೆ ಓಡತೊಡಗಿದಳು. ಮನೆಯಲ್ಲಿ ಎಲ್ಲ ಮಾತೂ ಇತ್ತು, ಕಂಪ್ಯೂಟರಿನ ಮಾತೊಂದು ಇರಲಿಲ್ಲ. ಅವಳು ಬಿಟ್ಟುಹೋದ ಉಪಾಯಗಳಿಂದ ಅಂಗಡಿ ಮಾತ್ರ ಚೆನ್ನಾಗಿ ನಡೆಯಿತು. ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದವರಿಗೆ ಪಾಠ ಹೇಳುವವಳೂ ಅವಳೇ ಆದಳು. ಕೆಲವು ವರ್ಷಗಳಲ್ಲಿ ಬೋಗಾದಿಯ ಒಂದು ಮಹಡಿಯಲ್ಲಿ ತನ್ನದೇ ಸಂಜೆ ತರಗತಿ ತೆರೆದಳು. ಅಲ್ಲಿ ಕಲಿತವರು ನನ್ನ ಅಂಗಡಿಗೆ ಮುದ್ರಣಕ್ಕೆ ಬಂದು, “ಗಿರಿಜಾ ಮೇಡಂ ಹೇಳಿದ್ರೆ ಎಂಥೋರಿಗೂ ತಲೆಗೆ ಹೋಗುತ್ತೆ,” ಎಂದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. “ನಮ್ಮ ಮನೆಯವಳೇ ಕಣ್ರಪ್ಪ, ನನ್ನ ಸ್ವಂತ ತಂಗಿ!” ಎಂದು ರಸ್ತೆಗೆ ಕೇಳುವಂತೆ ಹೇಳುತ್ತಿದ್ದೆ. ಹೆಮ್ಮೆ ಸುಳ್ಳಲ್ಲ. ಆದರೆ ಅಷ್ಟು ಗಟ್ಟಿಯಾಗಿ ಹೊಗಳುವವರು ಏನನ್ನೋ ಮೆಲ್ಲಗೆ ಮುಚ್ಚಿಡುತ್ತಿರುತ್ತಾರೆ ಎಂಬುದನ್ನು ನನ್ನನ್ನೇ ನೋಡಿ ಕಲಿತೆ. ಕೈಗೆ ಎಷ್ಟು ಉಪಾಯ ಕಲಿಸಿದರೇನು, ನಾಲಿಗೆ ಅದರಲ್ಲಿ ಒಂದನ್ನೂ ಕಲಿಯಲಿಲ್ಲ.

ಕಳೆದ ತಿಂಗಳು ಅವಳ ತರಗತಿಗೆ ಹೋದೆ. ಹೊಸ ತಂತ್ರಾಂಶದಲ್ಲಿ ಪರಿವಿಡಿ ಮಾಡುವುದು ತಿಳಿಯಲಿಲ್ಲ ಎಂಬುದು ನೆಪ. ಕೊನೆಯ ಸಾಲಿನಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ಯಜಮಾನರೊಬ್ಬರ ಪಕ್ಕ ಕೂತೆ. ಗಿರಿಜೆ ನನ್ನನ್ನು ನೋಡಿದಳು, ನೋಡದವಳಂತೆ ಪಾಠ ಮುಂದುವರಿಸಿದಳು. “ಸಾಲಿನ ಕೊನೆಗೆ ಎಂಟರ್ ಒತ್ಬೇಡಿ. ಒತ್ತಿದ್ರೂ ಬೇಜಾರಿಲ್ಲ, ನನಗೆ ಟೈಪಿಂಗ್ ಕಲಿಸಿದ ಗುರುಗಳೂ ಒತ್ತೋರು,” ಎಂದಳು. ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ. ಆಮೇಲೆ ಅವಳು ಒಂದು ಪದವನ್ನು ಇಡೀ ಬರಹದಲ್ಲಿ ಒಮ್ಮೆಗೇ ಬದಲಿಸಿ ತೋರಿಸಿದಳು. ಪಕ್ಕದ ಯಜಮಾನರು ಕೈಯೆತ್ತಿದರು: “ಮೇಡಂ, ಇಷ್ಟು ಬೇಗ ಆಗಿಬಿಟ್ರೆ ನಂಬೋದು ಹೆಂಗೆ?”

ಅವಳು ಉತ್ತರ ಕೊಡುವ ಮೊದಲೇ ನಾನು ಎದ್ದು ನಿಂತಿದ್ದೆ.

“ನಂಬಿ ಸ್ವಾಮಿ. ನನ್ನ ಅಂಗಡೀಲಿ ಇವಳು ಹಿಂಗೇ ಮಾಡಿದ್ಲು, ಸರಿಯಾಗೇ ಮಾಡಿದ್ಲು. ನಾನು ಅದನ್ನ ಅಳಿಸಿ, ಕೈಯಾರೆ ಮಾಡ್ತೀನಿ ಅಂತ ಕೆಡಿಸಿದೆ. ಬೈಗುಳ ಬಂದಾಗ ಇವಳ ಕಡೆ ನೋಡ್ಬುಟ್ಟೆ.”

ತರಗತಿಯೆಲ್ಲ ತಿರುಗಿ ನೋಡಿತು. ಗಿರಿಜೆ ಮೆಲ್ಲಗೆ, “ಅಕ್ಕಾ, ಕೂತ್ಕೋ,” ಎಂದಳು.

“ಕೂತ್ಕೋತೀನಿ, ಇರು. ಆವತ್ತು ಕೂತೇ ಇದ್ನಲ್ಲ. ತಪ್ಪು ನಂದು ಕಣೇ ಗಿರಿಜಾ, ನಿಂದಲ್ಲ. ನನ್ನನ್ನ ಕ್ಷಮಿಸ್ಬುಡಮ್ಮ.”