ನಿಂಬೆಹಣ್ಣಿಗೆ ಚುಚ್ಚಿದ ಸೂಜಿ

ಆಯುಧಪೂಜೆಗೆಂದು ತಂದ ನಿಂಬೆಹಣ್ಣನ್ನು ಮೂಗಿಗೆ ಹಿಡಿದರೆ ನನಗೆ ಈಗಲೂ ಮೊದಲು ಬರುವುದು ನಗು, ಆಮೇಲೆ ನಾಚಿಕೆ. ಬೆಳಗಿನಿಂದ ಅಂಗಡಿಯ ಮೆಷಿನ್ನು, ಕತ್ತರಿ, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಒರೆಸಿಟ್ಟಿದ್ದೇನೆ. ಸೂಜಿಗೆ ದಾರ ಪೋಣಿಸುವುದೊಂದು ಬಾಕಿ. ಹತ್ತು ನಿಮಿಷವಾಯಿತು, ದಾರ ಸೂಜಿಯ ಕಣ್ಣೊಂದನ್ನು ಬಿಟ್ಟು ಊರೆಲ್ಲ ಸುತ್ತುತ್ತಿದೆ. ನಗಬೇಡಿ, ನಿಮಗೂ ಐವತ್ತು ದಾಟುತ್ತದೆ.

ನಾನು ಮಾಗಡಿಯಲ್ಲಿ ಟೈಲರ್. ಪ್ಯಾಂಟು ಒಂದಿಂಚು ಬಿಗಿಯಾದರೆ ಗಿರಾಕಿಯ ಹೊಟ್ಟೆಯೇ ಬೆಳೆದಿದೆ ಎಂದು ಸಾಧಿಸಬಲ್ಲವನು. ಆ ಸಾಮರ್ಥ್ಯ ನೋಡಿಯೇ ಇರಬೇಕು, ನಮ್ಮ ಟೈಲರ್ ಮಾಸ್ಟರ್‌ಗಳ ಸಂಘಕ್ಕೆ ಒಮ್ಮೆ ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಮಾಸ್ಟರ್ ಎಂದರೆ ಬಟ್ಟೆಗೆ ಕತ್ತರಿ ಹಾಕುವವನು. ಗುಂಡಿಗೆ ಕಾಜಾ ಹೊಲಿಯುವವರು, ಅಂಚು ಮಡಿಸಿ ಹೆಮ್ಮಿಂಗ್ ಮಾಡುವವರು, ಸೀರೆಯ ಸೆರಗಿಗೆ ಕುಚ್ಚು ಕಟ್ಟುವವರು ಬಹುಪಾಲು ಹೆಂಗಸರು. ತಮ್ಮ ಮನೆಯ ಜಗುಲಿಯಲ್ಲಿ ಕೂತು ನಮ್ಮ ಕೆಲಸ ಮುಗಿಸಿಕೊಡುತ್ತಿದ್ದರು. ಸಂಘದ ಮಟ್ಟಿಗೆ ಅವರು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಸರೋಜಕ್ಕ ಅವರಲ್ಲೊಬ್ಬರು. ನನ್ನ ಅಂಗಡಿಯ ಕಾಜಾ, ಕುಚ್ಚು ಎಲ್ಲ ಅವರ ಕೈಯದೇ. ಒಂದು ವರ್ಷ ಸಂಘದಿಂದ ಸದಸ್ಯರಿಗೆ ಕಣ್ಣಿನ ತಪಾಸಣೆ ಮಾಡಿಸಿ ಕನ್ನಡಕ ಕೊಡಿಸಿದೆವು. ಸರೋಜಕ್ಕನೂ ಬಂದು ಸಾಲಿನಲ್ಲಿ ನಿಂತರು. ಕುಚ್ಚಿನ ಗಂಟು ಕಾಣಿಸದೆ ಬೆರಳಲ್ಲಿ ಸವರಿ ಸವರಿ ಕಟ್ಟುತ್ತಿದ್ದರು. ಹೀಗೇ ಆದರೆ ಕೆಲಸ ಕೈತಪ್ಪುತ್ತದೆಂಬ ಭಯ ಅವರಿಗೆ. ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದವನು ನಾನೇ.

"ಇದು ಮಾಸ್ಟರ್‌ಗಳಿಗೆ ಮಾತ್ರ ಸರೋಜಕ್ಕ" ಎಂದೆ.

"ನಾನೂ ಸೂಜಿ ಹಿಡಿಯೋಳೇ ಅಲ್ವೇನಣ್ಣ?"

"ಸಂಘದ ಹೆಸ್ರಲ್ಲೇ ಐತಲ್ಲಕ್ಕ, ನಾನೇನ್ ಮಾಡ್ಲಿ?"

ಅವರು ಸಾಲು ಬಿಟ್ಟು ಹೊರಟುಹೋದರು. ಆ ಮಾತಾಡಿದ ನಾಲಿಗೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಆ ವರ್ಷದ ಆಯುಧಪೂಜೆ ಸಂಘದ ಕೋಣೆಯಲ್ಲಿ ನಡೆಯಿತು. ಮಂಗಳಾರತಿ ಎತ್ತಲು ಹೋದ ಅಧ್ಯಕ್ಷ ನಂಜಪ್ಪಣ್ಣ ಹಾವು ತುಳಿದವರಂತೆ ಹಿಂದಕ್ಕೆ ಹಾರಿದರು. ಕತ್ತರಿಗಳ ನಡುವೆ ಒಂದು ನಿಂಬೆಹಣ್ಣು, ಅದರ ತುಂಬ ಸೂಜಿ!

"ಅಯ್ಯಯ್ಯೋ, ಯಾರೋ ಮಾಟ ಮಾಡ್ಸವ್ರೆ ಕಣ್ರಪ್ಪೋ!"

ಎಲ್ಲರೂ ಬಾಗಿಲಿಗೆ ಓಡಿದೆವು. ಓಡಿದವರಲ್ಲಿ ನಾನೇ ಮೊದಲಿಗ. ಕಾರ್ಯದರ್ಶಿ ಎಲ್ಲದರಲ್ಲೂ ಮುಂದಿರಬೇಕಲ್ಲ. ಒಬ್ಬರು ಈಗಲೇ ಸಾವನದುರ್ಗದ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸೋಣ ಎಂದರು. ಇನ್ನೊಬ್ಬರು ಬಸ್‌ಸ್ಟ್ಯಾಂಡಿನ ರೆಡಿಮೇಡ್ ಅಂಗಡಿಯವನ ಮೇಲೆ ಗುಮಾನಿಪಟ್ಟರು. ಅಷ್ಟರಲ್ಲಿ, ಪ್ರಸಾದಕ್ಕೆಂದು ಹೊರಗೆ ನಿಂತಿದ್ದ ಸರೋಜಕ್ಕ ಒಳಗೆ ಬಂದರು.

"ಮಾಟನೂ ಇಲ್ಲ, ಗೀಟನೂ ಇಲ್ಲ. ಅದು ನನ್ ಆಯುಧ. ಹಂಗೇ ಇಟ್ರೆ ಕಳ್ದೋಯ್ತವೆ ಅಂತ ಹಣ್ಣಿಗೆ ಚುಚ್ಚಿವ್ನಿ. ನಿಮ್ ಕತ್ರಿಗೆಲ್ಲ ಕುಂಕುಮ ಇಟ್ರಲ್ಲ, ಸೂಜಿಗೆ ಯಾರಾದ್ರೂ ಇಟ್ರಾ?"

ಯಾರೂ ಇಟ್ಟಿರಲಿಲ್ಲ. ನಿಂಬೆಹುಳಿಗೆ ಸೂಜಿ ತುಕ್ಕು ಹಿಡಿಯುತ್ತದೆ ಎಂದು ಬಾಯಿಗೆ ಬಂದ ಬುದ್ಧಿಮಾತನ್ನು ನುಂಗಿಕೊಂಡೆ. ಅಲ್ಲೇ ಹಠವನ್ನೂ ತೊಟ್ಟೆ. ಈ ಸಂಘಕ್ಕೆ ಮಾಸ್ಟರ್‌ಗಳ ಹೆಸರಷ್ಟೇ ಇರಕೂಡದು.

ಮುಂದಿನ ಸಭೆಯಲ್ಲಿ 'ಸೂಜಿ ಕೆಲಸದವರ ಸಂಘ' ಎಂಬ ಹೆಸರು ಮುಂದಿಟ್ಟೆ. ನಂಜಪ್ಪಣ್ಣ ಸಿಡಿದೆದ್ದರು.

"ಲೇ, ಮಾಸ್ಟರ್ ಅನ್ನಿಸ್ಕೊಳ್ಳೋಕೆ ಆರ್ ವರ್ಷ ಬರೀ ಕಾಜಾ ಹೊಲ್ದಿವ್ನಿ ಕಣ್ಲಾ ನಾನು!"

"ಆ ಆರ್ ವರ್ಷ ನೀವು ಯಾರಾಗಿದ್ರಣ್ಣ?" ಎಂದೆ.

ಅವರು ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಇನ್ನೂ ಎರಡು ಸಭೆಗಳಲ್ಲಿ ಅದೇ ಅರ್ಜಿ ಓದಿದೆ. ನಾನು ಕಾಗದ ಬಿಚ್ಚಿದರೆ ಕೆಲವರು ಕಾಫಿಗೆ ಎದ್ದುಹೋಗುತ್ತಿದ್ದರು. ನಾಲ್ಕನೆಯ ಸಭೆಯಲ್ಲಿ ನಂಜಪ್ಪಣ್ಣನೇ ಮೊದಲು ಕೈ ಎತ್ತಿದರು. "ಆಯ್ತು ಬುಡ್ಲಾ. ಕಾಜಾ ಹೊಲಿವಾಗ ನನ್ಗೂ ಯಾರೂ ಕುರ್ಚಿ ಕೊಟ್ಟಿರ್ಲಿಲ್ಲ."

ಹೆಸರು ಬದಲಾಯಿತು. ಮುಂದಿನ ತಪಾಸಣೆಯಲ್ಲಿ ಸರೋಜಕ್ಕನಿಗೆ ಕನ್ನಡಕ ಸಿಕ್ಕಿತು. ಹೊಸ ಬೋರ್ಡು ಬಂದ ದಿನ ಅದನ್ನು ಗೋಡೆಗೆ ಒರಗಿಸಿಟ್ಟು ನಾವೆಲ್ಲ ಮೆಚ್ಚಿಕೊಳ್ಳುತ್ತಿದ್ದೆವು. ಅವರು ಹತ್ತಿರ ಬಂದು ಬಗ್ಗಿ ನೋಡಿ, "ಸೂಜಿಗೆ ದೀರ್ಘನೇ ಇಲ್ವಲ್ಲಣ್ಣ, ಸುಜಿ ಅಂತೈತೆ" ಎಂದರು. ಅಷ್ಟು ಜನ ಮಾಸ್ಟರ್‌ಗಳಲ್ಲಿ ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಇದನ್ನೆಲ್ಲ ನೆನೆಯುತ್ತ ಮತ್ತೆ ದಾರದ ತುದಿಗೆ ಎಂಜಲು ಹಚ್ಚುತ್ತಿದ್ದೆ. ಯಾರೋ ಅಂಗಡಿಯ ಮೆಟ್ಟಿಲೇರಿದರು. ಸರೋಜಕ್ಕ. ಈಗ ಸಂಘದ ಕಾರ್ಯದರ್ಶಿ ಅವರೇ. ಈ ವರ್ಷದ ಕಣ್ಣಿನ ತಪಾಸಣೆಯ ಪಟ್ಟಿ ಅವರ ಕೈಯಲ್ಲಿತ್ತು. ನನ್ನ ಕಣ್ಣು ಮಂಜಾದದ್ದನ್ನು ಎರಡು ವರ್ಷದಿಂದ ಮುಚ್ಚಿಟ್ಟಿದ್ದೆ. ಮಾಸ್ಟರ್ ಎಂಬ ಜಂಬ ಬೋರ್ಡಿನಿಂದ ಹೋದರೂ ತಲೆಯಿಂದ ಹೋಗಿರಲಿಲ್ಲ. ಇವತ್ತು ಸಾಕೆನಿಸಿತು.

"ನನ್ ಹೆಸ್ರೂ ಒಸಿ ಬರ್ಕೊಳ್ಳಿ ಸರೋಜಕ್ಕ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಸೂಜಿ ಹಿಡಿತೀರೇನಣ್ಣ?"

"ಹಿಡಿತೀನಕ್ಕ. ಕಾಣಕ್ಕಿಲ್ಲ, ಅಷ್ಟೇ."

ಹೆಸರು ಬರೆದುಕೊಂಡರು. ಆಮೇಲೆ ನನ್ನ ಕೈಯಿಂದ ಸೂಜಿ ತೆಗೆದುಕೊಂಡು ಒಂದೇ ಸಲಕ್ಕೆ ದಾರ ಪೋಣಿಸಿದರು. ಮುಂದೆಯೇ ಇದ್ದ ನಿಂಬೆಹಣ್ಣಿಗೆ ಚುಚ್ಚಿ ಕೊಟ್ಟರು. ನಾನು ಕುಂಕುಮವನ್ನು ಮೊದಲು ಅದಕ್ಕೇ ಇಟ್ಟೆ.