ಒಂದೂವರೆಯ ಬಸ್ಸು, ಎರಡರ ಬಸ್ಸು

ನಾನು ಗದಗಿನ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ಮನೆ ಲಕ್ಷ್ಮೇಶ್ವರದಲ್ಲಿ, ದಿನವೂ ಬಸ್ಸಿನ ಓಡಾಟ. ನನ್ನ ಪಾಠವನ್ನು ಯಾರಾದರೂ ಹೊಗಳಿದ್ದು ನೆನಪಿಲ್ಲ. ಆದರೆ ಟೈಮ್ ಟೇಬಲ್ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಇಡೀ ಸ್ಟಾಫ್ ರೂಮು ಒಪ್ಪುತ್ತದೆ. ಯಾವ ಕೋಣೆ ಯಾವಾಗ ಖಾಲಿ, ಯಾರಿಗೆ ಯಾರ ಮುಖ ಕಂಡರಾಗದು, ಸೋಮವಾರ ಯಾರು ತಡವಾಗಿ ಬರುತ್ತಾರೆ, ಎಲ್ಲ ನನ್ನ ತಲೆಯಲ್ಲೇ ಇರುತ್ತಿತ್ತು. ಜೂನ್ ಬಂತೆಂದರೆ ದೊಡ್ಡ ಡ್ರಾಯಿಂಗ್ ಹಾಳೆ, ಸ್ಕೇಲು, ಪೆನ್ಸಿಲು ಹಿಡಿದು ಕೂರುತ್ತಿದ್ದೆ. ಆ ಹದಿನೈದು ದಿನ ಪ್ರಿನ್ಸಿಪಾಲರೂ ನನ್ನ ಹತ್ತಿರ ಮೆತ್ತಗೆ ಮಾತಾಡುತ್ತಿದ್ದರು. ನನಗೂ ಅದರ ಕೊಬ್ಬು ಸ್ವಲ್ಪ ಇತ್ತು, ಈಗ ಮುಚ್ಚಿಟ್ಟು ಏನು ಮಾಡಲಿ.

ಹೋದ ವರ್ಷ ಅವರೇ ನನ್ನ ಕೊರಳಿಗೆ ಇನ್ನೊಂದು ಕೆಲಸ ಕಟ್ಟಿದರು.

“ಹುಡುಗರು ಡಿಗ್ರಿ ಮುಗಿಸಿ ಏನ್ ಮಾಡಬೇಕಂತ ತಿಳೀದ ತಿರಗಾಕತ್ತಾರ್ರಿ. ಯಾವ ವಿಷಯ ಓದಿದ್ರ ಯಾವ ನೌಕರಿ ಸಿಗತೈತಿ ಅಂತ ನೀವ ಒಂದೀಟು ಕುಂಡ್ರಿಸಿ ಹೇಳ್ರಿ,” ಎಂದರು.

ನಾನು ಯಾವುದನ್ನೂ ಅರೆಬರೆ ಮಾಡುವವನಲ್ಲ. ಊರಿನ ಪ್ರೆಸ್ಸಿನಲ್ಲಿ ಎಂಟು ಅಡಿ ಉದ್ದದ ಫ್ಲೆಕ್ಸ್ ಮಾಡಿಸಿದೆ. ಎಡಕ್ಕೆ ವಿಷಯಗಳು, ಬಲಕ್ಕೆ ನೌಕರಿಗಳು, ನಡುವೆ ಕೆಂಪು ಬಾಣಗಳು. ಇತಿಹಾಸದಿಂದ ಪುರಾತತ್ವ, ಅರ್ಥಶಾಸ್ತ್ರದಿಂದ ಬ್ಯಾಂಕು, ಸಸ್ಯಶಾಸ್ತ್ರದಿಂದ ಬೀಜದ ಲ್ಯಾಬು. ಕಾರಿಡಾರಿನಲ್ಲಿ ಅದನ್ನು ಕಟ್ಟಿಸಿ ದೂರ ನಿಂತು ಎರಡು ಸಲ ನೋಡಿದೆ. ಫೋಟೋ ಹೊಡೆದು ಹೆಂಡತಿಗೂ ಕಳಿಸಿದೆ. ಅವಳು ಬಾಣದ ಬಣ್ಣ ಚಲೋ ಐತಿ ಎಂದು ಉತ್ತರ ಬರೆದಳು.

ಮಾತು ಶುರು ಮಾಡುವ ಮೊದಲು ಹುಡುಗರ ಮನಸ್ಸು ತಿಳಿಯಬೇಕಲ್ಲ. ಬಿ.ಎ. ಕೊನೆಯ ವರ್ಷದವರಿಗೆ ಒಂದೊಂದು ಚೀಟಿ ಹಂಚಿ, ಈ ವಿಷಯಗಳನ್ನು ಯಾಕೆ ಆರಿಸಿಕೊಂಡಿರಿ, ಮುಂದೆ ಏನಾಗಬೇಕೆಂದಿದ್ದೀರಿ ಎಂದು ಕೇಳಿದೆ. ಹೆಸರು ಬೇಡ, ಬೇಕಾದರೆ ಊರು ಹಾಕಿ, ಮನಸ್ಸಿನಲ್ಲಿ ಇದ್ದದ್ದನ್ನು ಬರೆಯಿರಿ ಎಂದೆ. ಇತಿಹಾಸದ ಮೇಲಿನ ಪ್ರೀತಿ, ಸಮಾಜಸೇವೆ, ಐಎಎಸ್ ಕನಸು, ಇಂಥವು ಬರುತ್ತವೆ ಎಂದು ನನ್ನ ಲೆಕ್ಕ.

ಸ್ಟಾಫ್ ರೂಮಿನಲ್ಲಿ ಚೀಟಿಗಳನ್ನು ಬಿಚ್ಚಿ ಓದುತ್ತಾ ಹೋದಂತೆ ನಾನು ದಂಗಾದೆ. ಬೆಟಗೇರಿಯ ಒಬ್ಬ, ಮಧ್ಯಾಹ್ನ ಅಪ್ಪನ ಬದಲು ನಾನು ಮಗ್ಗದ ಮೇಲೆ ಕೂರಬೇಕು, ಅದಕ್ಕೆ ಬಿ.ಎ., ಎಂದು ಬರೆದಿದ್ದ. ಲಕ್ಕುಂಡಿಯ ಒಬ್ಬಳು, ಗೆಳತಿ ಇದನ್ನು ತೊಗೊಂಡಳು, ಇಬ್ಬರೂ ಕೂಡಿ ಹೋಗುವುದಾದರೆ ಮಾತ್ರ ಮನೆಯಲ್ಲಿ ಕಳಿಸುತ್ತಾರೆ, ಎಂದು. ಮಲ್ಲಸಮುದ್ರದ ಇನ್ನೊಬ್ಬನ ಮನೆಯಲ್ಲಿ ಅಣ್ಣನ ಹಳೆಯ ಪುಸ್ತಕಗಳಿದ್ದವಂತೆ. ಒಂದು ಚೀಟಿಯಲ್ಲಿ ದುಂಡನೆಯ ಅಕ್ಷರದಲ್ಲಿ “ಒಂದೂವರೆ ಬಸ್ಸು” ಎಂದಷ್ಟೇ ಇತ್ತು. ಮುಂದೆ ಏನಾಗಬೇಕು ಎಂಬುದರ ಎದುರು ಗೆರೆ ಎಳೆದು ಬಿಟ್ಟಿದ್ದರು.

ನನಗೆ ಪಿತ್ತ ನೆತ್ತಿಗೇರಿತು. ಫ್ಲೆಕ್ಸ್ ಕಟ್ಟಿಸಿದ ನನ್ನನ್ನೇ ಹಾಸ್ಯ ಮಾಡುತ್ತಿದ್ದಾರೆ ಎಂದುಕೊಂಡೆ. ಮರುದಿನ ಆ ಚೀಟಿಯನ್ನು ಎತ್ತಿ ಹಿಡಿದುಕೊಂಡೇ ಕ್ಲಾಸಿಗೆ ಹೋದೆ.

“ಯಾರ್ಲೇ ಇದನ್ನ ಬರದಾವ ಶಾಣ್ಯಾ? ಬಸ್ಸು ಓದಾಕ ಬಂದೀಯೇನು?”

ಹುಡುಗರ ಸಾಲನ್ನೇ ನೋಡುತ್ತಿದ್ದೆ. ಎದ್ದು ನಿಂತದ್ದು ಎರಡನೆಯ ಬೆಂಚಿನ ಹುಡುಗಿ. ಎರಡು ವರ್ಷದಿಂದ ನನ್ನ ಕ್ಲಾಸಿನಲ್ಲಿ ಕೂತವಳು, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದವಳು. ಅವಳ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅಂದೇ.

“ನಾನ್ರಿ ಸರ್. ಚ್ಯಾಷ್ಟಿ ಮಾಡಿಲ್ರಿ, ಖರೆನ ಬರದೀನ್ರಿ.”

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಅದೇ ನನಗೆ ಮೊದಲ ಪೆಟ್ಟು. ಮಧ್ಯಂತರದಲ್ಲಿ ಬಾ ಎಂದು ಹೇಳಿ ಪಾಠ ಶುರು ಮಾಡಿದೆ. ಆ ದಿನ ಏನು ಹೇಳಿದೆನೋ ನನಗೇ ತಿಳಿಯದು.

ಅವಳ ಊರು ಮುಂಡರಗಿ ರಸ್ತೆಯಲ್ಲಿ ಅರ್ಧ ದಾರಿಗಿರುವ ಒಂದು ಹಳ್ಳಿ. ಸ್ಟಾಫ್ ರೂಮಿಗೆ ಬಂದವಳನ್ನು ಕೂರಿಸಿ, ಅವಳ ಪ್ರವೇಶದ ಫೈಲು ತರಿಸಿ ನೋಡಿದೆ. ಪಿಯುಸಿ ವಿಜ್ಞಾನ. ಜೀವಶಾಸ್ತ್ರದಲ್ಲಿ ನೂರಕ್ಕೆ ಎರಡೇ ಕಡಿಮೆ. ಅದನ್ನು ಓದಿಯೂ ಅಂಕವನ್ನು ಮತ್ತೆ ಬೆರಳಿಟ್ಟು ನೋಡಿದೆ.

“ಇಷ್ಟು ಮಾರ್ಕ್ಸ್ ತಗದಾಕಿ ಬಿ.ಎ.ಗೆ ಯಾಕ ಬಂದೆವಾ?”

“ಬಿ.ಎಸ್ಸಿ.ಗೆ ಪ್ರಾಕ್ಟಿಕಲ್ ಎರಡರಿಂದ ಐದರ ಮಟಾ ಇರತಾವ್ರಿ. ನಾ ಮೂರಕ್ಕ ಹೊಲದಾಗ ಇರಬೇಕ್ರಿ. ಒಂದೂವರೆ ಬಸ್ಸು ತಪ್ಪಿದ್ರ ಆಗೂದಿಲ್ರಿ.”

“ಮೂರಕ್ಕ ಹೊಲದಾಗ ಏನೈತಿ?”

“ಕ್ರಾಸಿಂಗ್ ಐತ್ರಿ.”

ನಮ್ಮ ಭಾಗದಲ್ಲಿ ಬೀಜಕ್ಕಾಗಿ ಹತ್ತಿ ಬೆಳೆಯುವ ಹೊಲಗಳುಂಟು. ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಪರಾಗ ಕೂಡಿಸಿ ಹೈಬ್ರಿಡ್ ಬೀಜ ತೆಗೆಯುತ್ತಾರೆ. ಅದಕ್ಕೇ ಕ್ರಾಸಿಂಗ್ ಎನ್ನುವುದು. ಇಷ್ಟು ನನಗೂ ಗೊತ್ತಿತ್ತು, ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಉಳಿದದ್ದನ್ನು ಅವಳು ಹೇಳಿದಳು. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆಯೇ ಗುರುತಿಸಬೇಕು. ಉಗುರಿನಿಂದ ಎಸಳನ್ನೂ ಗಂಡು ಕೇಸರವನ್ನೂ ಸುತ್ತ ಬಿಡಿಸಿ ತೆಗೆದು, ನಡುವಿನ ಕಡ್ಡಿಯನ್ನು ಮಾತ್ರ ಉಳಿಸಿ, ಕೆಂಪು ಕಾಗದ ಮುಚ್ಚಬೇಕು. ಮರುದಿನ ಮುಂಜಾನೆ ಕಾಗದ ತೆಗೆದು ಗಂಡು ಹೂವನ್ನು ಅದಕ್ಕೆ ಸವರಿ, ದಾರ ಕಟ್ಟಬೇಕು. ಹೊತ್ತು ಮೀರಿದರೆ ಮೊಗ್ಗು ಕೆಲಸಕ್ಕೆ ಬಾರದು.

“ಮುಂಜಾನಿ ಕೆಲಸ ಅವ್ವಂದ್ರಿ, ಸಂಜಿದು ನಂದು. ಹತ್ತಿ ಮುಗೀತಂದ್ರ ಹೀರಿಕಾಯಿ, ಆಮ್ಯಾಲೆ ಟೊಮ್ಯಾಟೊ. ಅವ್ವಗ ಈಗ ಸಣ್ಣದು ಕಾಣೂದಿಲ್ರಿ, ಮೊಗ್ಗು ಕೆಡತಾವು.” ಆಮೇಲೆ ತಾನೇ ಸೇರಿಸಿದಳು, “ಬಸ್ಸಿಗೆ ಹೆಣ್ಮಕ್ಕಳಿಗೆ ರೊಕ್ಕ ಹತ್ತೂದಿಲ್ರಿ ಈಗ. ಹೊತ್ತು ಹತ್ತತೈತ್ರಿ.”

ಮೇಜಿನ ಮೇಲಿದ್ದ ಅವಳ ಕೈ ನೋಡಿದೆ. ಎಲ್ಲ ಉಗುರೂ ಕತ್ತರಿಸಿದ್ದವು, ಬಲಗೈ ಹೆಬ್ಬೆರಳಿನದು ಮಾತ್ರ ಉದ್ದವಾಗಿ, ಅಂಚಿನಲ್ಲಿ ಕಲೆಗಟ್ಟಿತ್ತು. ನಾನು ಎಂಟು ಅಡಿ ಫ್ಲೆಕ್ಸಿನಲ್ಲಿ ಸಸ್ಯಶಾಸ್ತ್ರದಿಂದ ಬೀಜದ ಲ್ಯಾಬಿಗೆ ಬಾಣ ಬಿಟ್ಟಿದ್ದೆ. ಬೀಜದ ಕೆಲಸವನ್ನು ದಿನವೂ ಮಾಡುವವಳು, ಆ ಕೆಲಸ ಮಾಡುವುದಕ್ಕಾಗಿಯೇ ಸಸ್ಯಶಾಸ್ತ್ರ ಬಿಟ್ಟು ನನ್ನೆದುರು ಕೂತಿದ್ದಳು. ಚೀಟಿಯಲ್ಲಿ ಗೆರೆ ಯಾಕೆ ಎಳೆದೆ, ಏನಾಗಬೇಕೆಂದಿದ್ದೆ ಎಂದು ಕೊನೆಗೆ ಕೇಳಿದೆ.

“ಬೀಜದ ಲ್ಯಾಬಿನ್ಯಾಗ ಕೆಲಸ ಮಾಡಬೇಕಂತಿತ್ರಿ. ನಾವು ಹೊಲದಾಗ ಮಾಡಿದ್ದು ಖರೆ ಐತೋ ಸುಳ್ಳೈತೋ ಅಂತ ಅಲ್ಲಿ ನೋಡ್ತಾರಂತ್ರಿ. ಈಗ ಬರಿಯೂದು ಯಾಕಂತ ಬಿಟ್ಟೆ.”

ನಾನು ಸುಮ್ಮನೆ ಕೂರುವ ಮನುಷ್ಯನಲ್ಲ. ಊರ ಹೊರಗಿನ ಒಂದು ಬೀಜದ ಕಂಪನಿಗೆ ಫೋನು ಹಚ್ಚಿದೆ. ಲ್ಯಾಬಿಗೆ ಒಬ್ಬರು ಬೇಕಾಗಿದ್ದಾರೆ, ಡಿಗ್ರಿಯ ಕೊನೆಯ ವರ್ಷದಲ್ಲಿರುವವರೂ ಬಂದು ಕಾಣಬಹುದು ಎಂದರು. ಯಾವ ಡಿಗ್ರಿ ಎಂದು ಅವರು ಕೇಳುವ ಮೊದಲೇ ನಾನು ಫೋನು ಇಟ್ಟೆ. ಎದುರು ಹೋಗಿ ನಿಂತರೆ, ಹುಡುಗಿಯ ಕೈ ನೋಡಿದರೆ ಯಾರು ಬೇಡವೆನ್ನುತ್ತಾರೆ ಎಂಬ ಹುಂಬ ಧೈರ್ಯ. ಸೆಪ್ಟೆಂಬರಿನ ಒಂದು ಮುಂಜಾನೆ ಅವಳನ್ನೂ ಅವಳ ಗೆಳತಿಯೊಬ್ಬಳನ್ನೂ ಆಟೋದಲ್ಲಿ ಕರೆದುಕೊಂಡು ಹೋದೆ.

ಲ್ಯಾಬಿನ ಮುಖ್ಯಸ್ಥರು ಒಳ್ಳೆಯ ಮನುಷ್ಯ, ಇದನ್ನು ಮೊದಲೇ ಹೇಳಬೇಕು. ಚಹಾ ತರಿಸಿದರು. ನಾನು ಅವಳ ಕೈಯ ಗುಣವನ್ನು ಹೊಗಳಿದಾಗ, ಹಿತ್ತಲಿನಲ್ಲಿದ್ದ ಹತ್ತಿ ಗಿಡಗಳ ಹತ್ತಿರ ಎಲ್ಲರನ್ನೂ ಕರೆದೊಯ್ದರು. ಅವಳು ಗಿಡವನ್ನು ಒಂದು ಸುತ್ತು ನೋಡಿ, ಎಲೆ ಸರಿಸಿ, ಸರಿಯಾದ ಮೊಗ್ಗನ್ನೇ ಹಿಡಿದಳು. ಹೆಬ್ಬೆರಳಿನ ಉಗುರು ಒಂದು ಸುತ್ತು ತಿರುಗಿತು. ಎಸಳು, ಕೇಸರ ಎಲ್ಲ ಟೊಪ್ಪಿಗೆ ತೆಗೆದಂತೆ ಒಮ್ಮೆಗೇ ಕಳಚಿ ಬಂದವು. ಮುಖ್ಯಸ್ಥರು ಜೇಬಿನಿಂದ ಭೂತಗನ್ನಡಿ ತೆಗೆದು ಬಗ್ಗಿ ನೋಡಿದರು.

“ಒಂದು ಕೇಸರ ಉಳದಿಲ್ಲ, ಒಳಗಿನ ಎಳೀ ಕಾಯಿಗೆ ಉಗುರು ತಾಗಿಲ್ಲ. ನಮ್ಮ ಹೊಸಾ ಹುಡುಗರಿಗೆ ಇದನ್ನ ಕಲಸಾಕ ವರ್ಷ ಹಿಡಿತೈತ್ರಿ,” ಎಂದರು. ನನ್ನ ಎದೆ ಉಬ್ಬಿತು. ಒಳಗೆ ಬಂದು ಅವಳ ಪಿಯುಸಿ, ಬಿ.ಎ. ಅಂಕಪಟ್ಟಿ ಬಿಡಿಸಿದರು.

“ಇತಿಹಾಸ, ಅರ್ಥಶಾಸ್ತ್ರ,” ಎಂದು ನಿಧಾನವಾಗಿ ಓದಿದರು. “ಸರ್, ಕಾಗದದಾಗ ಬಾಟನಿ ಇಲ್ಲಂದ್ರ ನಾ ಏನೂ ಮಾಡಾಕ ಬರೂದಿಲ್ರಿ. ಲ್ಯಾಬಿನ ವರದಿ ಮ್ಯಾಲೆ ಸಹಿ ಮಾಡಬೇಕಾಗತೈತಿ. ಹಿತ್ತಲಿನ ಪ್ಲಾಟಿನ ಕೆಲಸಕ್ಕ ಬೇಕಂದ್ರ ನಾಳಿಂದನ ಬರ್ಲಿ, ದಿನಗೂಲಿ ಕೊಡಸ್ತೀನಿ.”

ಅವಳು ತಲೆ ಅಲ್ಲಾಡಿಸಿದಳು. ಅದು ಹೂಂ ಎಂದೋ ಒಲ್ಲೆ ಎಂದೋ ನನಗೆ ತಿಳಿಯಲಿಲ್ಲ.

“ಅಲ್ಲವಾ, ಪಿಯುಸಿ ಸೈನ್ಸ್ ಮಾಡಿದಾಕಿ ಬಿ.ಎಸ್ಸಿ. ಯಾಕ ಬಿಟ್ಟಿ?” ಎಂದು ಅವರು ಕೇಳಿದರು.

“ಪ್ರಾಕ್ಟಿಕಲ್ ಮಧ್ಯಾಹ್ನ ಇದ್ದೂರಿ.”

“ನಾ ಓದೂಮುಂದ ಮುಂಜಾನಿ ಎಂಟಕ್ಕ ಇರ್ತಿದ್ದೂ. ಹಳ್ಳಿ ಹುಡುಗರು ಇರೂ ಕಾಲೇಜಿನ್ಯಾಗ ಮಧ್ಯಾಹ್ನ ಇಟ್ಟಾರಂದ್ರ, ಆ ಟೈಮ್ ಟೇಬಲ್ ಮಾಡಿದಾವ ಯಾರ್ರಿ ಪುಣ್ಯಾತ್ಮ?”

ಅವರು ನನ್ನನ್ನೇ ನೋಡಿ ನಗುತ್ತಾ ಕೇಳಿದ್ದು. ಅವರಿಗೆ ಗೊತ್ತಿರಲಿಲ್ಲ. ಚಹಾದ ಕಪ್ಪು ಕೈಯಲ್ಲೇ ಉಳಿಯಿತು. ಅವಳಿಗೆ ಗೊತ್ತಿತ್ತು, ಕಾಲೇಜಿನಲ್ಲಿ ಯಾರಿಗೆ ಗೊತ್ತಿಲ್ಲ. ನೋಟೀಸ್ ಬೋರ್ಡಿನ ಹಾಳೆಯ ಕೆಳಗೆ ಪ್ರತಿ ವರ್ಷ ನನ್ನ ಸಹಿಯೇ ಇರುತ್ತದೆ. ಅವಳು ನನ್ನ ಕಡೆ ನೋಡದೆ ಅಂಕಪಟ್ಟಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ನಾನು ಹೊತ್ತಾಯಿತೆಂದು ಎದ್ದೆ.

ಆಟೋದಲ್ಲಿ ಬರುವಾಗ ಒಂದೊಂದಾಗಿ ನೆನಪಾಯಿತು. ಸಸ್ಯಶಾಸ್ತ್ರದ ಮೇಡಂ ಎರಡು ವರ್ಷ ನನ್ನ ಹತ್ತಿರ ಬಂದಿದ್ದರು. ಪ್ರಾಕ್ಟಿಕಲ್ಲನ್ನು ಮುಂಜಾನೆ ಎಂಟಕ್ಕೆ ಇಡ್ರಿ, ಹಳ್ಳಿಯ ಹುಡುಗಿಯರು ಬರವಲ್ಲರು ಎಂದಿದ್ದರು. ಹಾಗೆ ಇಟ್ಟರೆ ಕನ್ನಡ, ಇಂಗ್ಲಿಷ್ ಪಾಠಗಳು ಹನ್ನೊಂದರ ಮೇಲೆ ಸರಿದು ಒಂದಕ್ಕೆ ಮುಗಿಯುತ್ತವೆ. ಭಾಷಾ ಪಾಠಕ್ಕೆ ಬಿ.ಎ., ಬಿ.ಎಸ್ಸಿ. ಎರಡೂ ಕೂಡಿ ಕೂರುತ್ತವಾದ್ದರಿಂದ ಆ ಹೊತ್ತಿನ ಬಿ.ಎ.ಯ ಕೆಲವು ಪಾಠಗಳು ಮಧ್ಯಾಹ್ನಕ್ಕೆ ಹೋಗುತ್ತವೆ. ನನ್ನ ಕೊನೆಯ ಪಿರಿಯಡ್ಡು ಮೂರಕ್ಕೆ ಬೀಳುತ್ತದೆ, ಎರಡರ ಲಕ್ಷ್ಮೇಶ್ವರ ಬಸ್ಸು ತಪ್ಪುತ್ತದೆ. ಮುಂದಿನ ಬಸ್ಸಿನಲ್ಲಿ ಶಿರಹಟ್ಟಿ, ಲಕ್ಷ್ಮೇಶ್ವರದವರದೆಲ್ಲ ನೂಕುನುಗ್ಗಲು, ಸೀಟು ಸಿಗದು. ಮೇಡಮ್ಮಿನ ಅರ್ಜಿಯ ಮೇಲೆ ನಾನು “ಕೋಣೆಗಳ ಅನುಕೂಲವಿಲ್ಲ” ಎಂದು ಪೆನ್ಸಿಲಿನಲ್ಲಿ ಬರೆದೆ. ಕೋಣೆಗಳಿದ್ದವು. ಪೆನ್ಸಿಲಿನಲ್ಲಿ ಬರೆದದ್ದನ್ನು ಯಾವಾಗ ಬೇಕಾದರೂ ಅಳಿಸಬಹುದಿತ್ತು, ಅಳಿಸಲಿಲ್ಲ.

ಎಷ್ಟು ಜನ ಹುಡುಗಿಯರ ವಿಷಯವನ್ನು ನಾನು ಹೀಗೆ ಆರಿಸಿಕೊಟ್ಟಿದ್ದೇನೆ ಎಂದು ಲೆಕ್ಕ ಹಾಕತೊಡಗಿದೆ. ಎಂಟು ಅಡಿ ಫ್ಲೆಕ್ಸಿನಲ್ಲಿ ವಿಷಯದಿಂದ ಮುಂದೆ ಎಲ್ಲಿಗೆ ಎಂದು ತೋರಿಸಿದ್ದೆ. ವಿಷಯದ ತನಕ ಅವರು ಹೇಗೆ ಬಂದರೆಂದು ಕೇಳಬೇಕೆಂದು ಇಷ್ಟು ವರ್ಷ ಹೊಳೆದಿರಲಿಲ್ಲ.

ಬಸ್ ನಿಲ್ದಾಣ ಮುಟ್ಟಿದಾಗ ಒಂದು ದಾಟಿತ್ತು. ಮುಂಡರಗಿ ಬಸ್ಸು ಬಂದು ನಿಂತಿತ್ತು. ಸ್ವಲ್ಪ ಆಚೆಗೆ ಲಕ್ಷ್ಮೇಶ್ವರದ್ದು, ನನ್ನದು. ಗೆಳತಿ ಸೀಟು ಹಿಡಿಯಲು ಓಡಿದಳು. ನಾನು ಹುಡುಗಿಯನ್ನು ನಿಲ್ಲಿಸಿದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಯಾವ ವಿದ್ಯಾರ್ಥಿಯ ಮುಂದೆಯೂ ತಪ್ಪಾಯಿತು ಎಂದವನಲ್ಲ.

“ಆ ಟೈಮ್ ಟೇಬಲ್ ನಂದವಾ,” ಎಂದೆ.

“ಗೊತ್ತೈತ್ರಿ ಸರ್.”

“ಅಲ್ಲಿ ಯಾಕ ಹೇಳಲಿಲ್ಲ?”

“ನಿಮ್ಮ ಹೆಸರು ಹ್ಯಾಂಗ ಹೇಳಲ್ರಿ.”

“ತಪ್ಪಾತು ನಂದು. ಬರೂ ವರ್ಷ ಬದಲಿ ಮಾಡ್ತೀನಿ. ಪ್ರಾಕ್ಟಿಕಲ್ ಮುಂಜಾನಿ ಇಡ್ತೀನಿ.”

ಅವಳ ಮುಖದಲ್ಲಿ ಆಗ ಮೊದಲ ಸಲ ಸಂತೋಷ ಕಂಡಿತು. “ಮಾಡ್ರಿ ಸರ್. ನಮ್ಮೂರಾಗ ಮೂರು ಮಂದಿ ಹುಡುಗ್ಯಾರು ಪಿಯುಸಿ ಸೈನ್ಸ್ ಅದಾರ್ರಿ. ಇವತ್ತ ಹೇಳ್ತೀನ್ರಿ ಅವರಿಗೆ.”

“ಮತ್ತ ನಿಂದು?”

“ನಂದು ಆತಲ್ರಿ,” ಎಂದಳು.

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ. ಡ್ರೈವರು ಹಾರನ್ ಹೊಡೆದ. ಮೆಟ್ಟಿಲಿನ ಮೇಲೆ ಕಾಲಿಟ್ಟವಳು ನನ್ನ ಮುಖ ನೋಡಿ, ನನ್ನನ್ನೇ ಸಮಾಧಾನ ಮಾಡಬೇಕೆನಿಸಿತೋ ಏನೋ, ತಿರುಗಿ ನಿಂತಳು.

“ನಮ್ಮ ಬಸ್ಸು ತಡಾ ಆದ ದಿನ ನೀವು ಎರಡರ ಬಸ್ಸಿಗೆ ಓಡಿ ಬರೂದು ಕಿಡಕ್ಯಾಗಿಂದ ಕಾಣ್ತಿತ್ರಿ. ಇಷ್ಟು ಗಡಿಬಿಡಿಲೆ ಹೊಂಟಾರ ಅಂದ್ರ ಸರ್‌ಗೂ ನಮ್ಮಂಗ ಮನ್ಯಾಗ ಏನೋ ಹೊತ್ತಿನ ಕೆಲಸ ಐತಿ ಅನ್ಕೊಂಡಿದ್ವಿರಿ. ಅದಕ್ಕ ಯಾರೂ ಟೈಮ್ ಟೇಬಲ್ ಬದಲಿ ಮಾಡ್ರಿ ಅಂತ ಕೇಳಾಕ ಬರಲಿಲ್ರಿ ನಿಮ್ಮನ್ನ.”

ಬಸ್ಸು ಹೊರಟಿತು. ನಾನು ನಿಂತಲ್ಲೇ ನಿಂತಿದ್ದೆ. ಎರಡಕ್ಕೆ ನನ್ನ ಬಸ್ಸಿನ ಕಂಡಕ್ಟರು, ದಿನವೂ ನೋಡುವವನು, ಬರ್ರಿ ಸರ್, ಸೀಟ್ ಹಿಡದೀನಿ ಎಂದು ಕರೆದ. ಇವತ್ತು ಬರುವುದಿಲ್ಲ ಎಂದು ಕೈಯಾಡಿಸಿದೆ.

ಮನೆಯಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಇಷ್ಟು ವರ್ಷ ಆ ಬಸ್ಸಿಗೆ ಓಡಿ, ಮನೆ ಮುಟ್ಟಿ, ಊಟ ಮಾಡಿ, ಸಂಜೆಯ ಚಹಾದ ತನಕ ಮಲಗುತ್ತಿದ್ದೆ.